ಗದಗ ದಾರಿಯ ಪುಟ್ಟ ಸ್ಟೇಷನ್, ಸುತ್ತ ಎರೆ ಹೊಲ: ಮನೆಯಲ್ಲೇ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಗದಗದವನು. ಎಚ್‌ಒ ಸ್ಕೇಲಿನ (ನಿಜದ 87ನೇ ಒಂದು ಪಾಲು ಗಾತ್ರದ) ಮಾದರಿ ರೈಲಿನ ಸೆಟ್ ತಂದು, 6 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮೇಲೆ ಹಳಿ ಜೋಡಿಸಿದ್ದೇನೆ. ರೈಲು ಚೆನ್ನಾಗಿ ಓಡುತ್ತದೆ. ಈಗ ಅದರ ಸುತ್ತ ಹುಬ್ಬಳ್ಳಿ–ಗದಗ ದಾರಿಯಲ್ಲಿ ಕಾಣುವಂಥ ಒಂದು ಸಣ್ಣ ಸ್ಟೇಷನ್, ಹೊಲ, ನಾಲ್ಕು ಮನೆ ಮಾಡಬೇಕು. ವಿದೇಶಿ ಹುಲ್ಲು, ಮರಗಳ ಬೆಲೆ ಕೇಳಿ ಸುಮ್ಮನಾದೆ. ತಂದು ಹಾಕಿದರೂ ಅದು ಜರ್ಮನಿಯ ಹಳ್ಳಿಯೇ ಆಗುತ್ತದೆ. ಥರ್ಮಾಕೋಲಿನಲ್ಲಿ ಗುಡ್ಡ ಮಾಡಿ ಸ್ಪ್ರೇ ಪೇಂಟ್ ಹೊಡೆದರೆ ಗುಡ್ಡವೇ ಕರಗಿತು. ಹೊಲದ ಎರೆ ಮಣ್ಣನ್ನೇ ಕಲಸಿ ಬಳಿದರೆ ಒಣಗಿದ ಮೇಲೆ ಬಿರಿದು, ಹಪ್ಪಳದಂತೆ ಎದ್ದು ಬಂತು. ಎಲ್ಲಿಂದ ಶುರು ಮಾಡಲಿ? ಆರನೇ ತರಗತಿಯ ಮಗಳು ನಾನೂ ಬರುತ್ತೇನೆ ಅನ್ನುತ್ತಾಳೆ. ಅವಳಿಗೆ ಯಾವ ಕೆಲಸ ಕೊಡಲಿ?

ಉತ್ತರ: ಮೊದಲು ಆ ಗುಡ್ಡ ಬಿಡಿ. ಕರಗಿದ್ದು ಒಳ್ಳೆಯದೇ ಆಯಿತು.

ಹುಬ್ಬಳ್ಳಿ ಬಿಟ್ಟು ಕುಸುಗಲ್, ಹೆಬಸೂರು, ಅಣ್ಣಿಗೇರಿ, ಹುಲಕೋಟಿ ದಾಟಿ ಗದಗ ಮುಟ್ಟುವವರೆಗೆ ಕಿಟಕಿಯಲ್ಲಿ ಎಷ್ಟು ಸುರಂಗ ನೋಡಿದ್ದೀರಿ? ಒಂದೂ ಇಲ್ಲ. ಇರುವುದು ಕಣ್ಣು ಹಾಯುವಷ್ಟು ದೂರ ಹೊಲ, ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಬೇವು, ಜಾಲಿ, ಮಧ್ಯೆ ತುಸು ಎತ್ತರದ ಏರಿಯ ಮೇಲೆ ಹಳಿ, ಅದರ ಕೆಳಗೆ ಹಾಯುವ ಹಳ್ಳ. ಸೆಟ್ಟಿನ ಡಬ್ಬಿಯ ಮೇಲೆ ಗುಡ್ಡ, ಸುರಂಗದ ಚಿತ್ರ ಇರುತ್ತದೆ, ಎಲ್ಲರೂ ಅದನ್ನೇ ಮಾಡಲು ಹೊರಡುತ್ತಾರೆ. ನಮ್ಮ ಬಯಲುಸೀಮೆಗೆ ಅದರ ಅಗತ್ಯವಿಲ್ಲ. ಆದರೆ ಬಯಲು ಅಂದರೆ ಸಪಾಟು ಹಲಗೆ ಅಂತಲೂ ಅಲ್ಲ. ಇಲ್ಲಿ ನೆಲ ಹಳಿಗಿಂತ ಮೇಲೆ ಏಳುವುದಿಲ್ಲ, ಕೆಳಗೆ ಇಳಿಯುತ್ತದೆ. ಪ್ಲೈವುಡ್ ಮೇಲೆ ನೇರ ಹಳಿ ಕೂರಿಸಿದರೆ ಕೆಳಗೆ ಇಳಿಯಲು ಜಾಗವೇ ಇರುವುದಿಲ್ಲ, ಅಲ್ವಾ?

ಹಾಗಾಗಿ ಒಂದು ಸಲ ಬೇಜಾರು ಮಾಡಿಕೊಳ್ಳದೆ ಹಳಿ ಪೂರ್ತಿ ಎತ್ತಿ. ಪ್ಲೈವುಡ್ ಮೇಲೆ 50 ಮಿ.ಮೀ. ದಪ್ಪದ ಥರ್ಮಾಕೋಲ್ ಹಾಳೆ ಹಾಸಿ, ಅದರ ಮೇಲೆ ಹಳಿ ಕೂರಿಸಿ. ಟಿವಿ ಪ್ಯಾಕಿಂಗಿನಲ್ಲಿ ಬರುವ ಕಾಳು ಉದುರುವ ಥರ್ಮಾಕೋಲ್ ಬೇಡ, ಗಟ್ಟಿ ಹಾಳೆ ಕೇಳಿ ತನ್ನಿ. ಈಗ ಹಳಿಯ ಎರಡೂ ಬದಿ ಕೊರೆದರೆ ಏರಿ ಸಿಗುತ್ತದೆ, ಇನ್ನೂ ಆಳಕ್ಕೆ ಕೊರೆದರೆ ಹಳ್ಳ ಸಿಗುತ್ತದೆ. ನಿಮ್ಮ ಸ್ಕೇಲಿನಲ್ಲಿ 50 ಮಿ.ಮೀ. ಅಂದರೆ ನಿಜದ 4.35 ಮೀಟರ್ ಆಳ. ಬೆಣ್ಣೆಹಳ್ಳದಂಥ ಹಳ್ಳಕ್ಕೆ ಧಾರಾಳವಾಯಿತು. ಎರೆ ನೆಲದ ಹಳ್ಳದ ದಂಡೆ ಇಳಿಜಾರಾಗಿರುವುದಿಲ್ಲ, ಮಳೆ ನೀರು ಕೊರೆದು ಗೋಡೆಯ ಹಾಗೆ ಕಡಿದಾಗಿ ನಿಂತಿರುತ್ತದೆ. ಅದನ್ನು ಹಾಗೇ ಕಡಿದಾಗಿಯೇ ಕತ್ತರಿಸಿ.

ಥರ್ಮಾಕೋಲ್ ಕರಗಿದ್ದು ಬಣ್ಣದಿಂದಲ್ಲ, ಸ್ಪ್ರೇ ಡಬ್ಬಿಯಲ್ಲಿರುವ ಥಿನ್ನರಿನಿಂದ. ಚಪ್ಪಲಿ, ಸನ್‌ಮೈಕಾ ಅಂಟಿಸುವ ಹಳದಿ ರಬ್ಬರ್ ಅಂಟೂ ಅದನ್ನು ತಿನ್ನುತ್ತದೆ. ಫೆವಿಕಾಲ್, ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ, ಗೋಡೆಗೆ ಹೊಡೆಯುವ ಎಮಲ್ಷನ್, ಇವು ಮೂರೂ ಏನೂ ಮಾಡುವುದಿಲ್ಲ. ಎರಡು ಥರ್ಮಾಕೋಲ್ ಹಾಳೆಗಳ ನಡುವೆ ಗಾಳಿ ಆಡುವುದಿಲ್ಲ, ಫೆವಿಕಾಲ್ ಒಣಗಲು ತಡವಾಗುತ್ತದೆ. ಮೇಲೆ ಭಾರ ಇಟ್ಟು ಎರಡು ದಿನ ಬಿಡಿ. ಕೊರೆದ ಮೇಲೆ ಹಳೇ ಪೇಪರ್ ಚೂರುಗಳನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಎರಡು ಪದರ ಹಚ್ಚಿ, ಒಣಗಿದ ಮೇಲೆ ಪೂರ್ತಿ ಮಣ್ಣಿನ ಬಣ್ಣದ ಎಮಲ್ಷನ್ ಬಳಿಯಿರಿ. ಮುಂದೆ ಎಲ್ಲಾದರೂ ಚಕ್ಕೆ ಎದ್ದರೆ ಬಿಳಿ ಕಾಣಬಾರದು, ಅದಕ್ಕೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಒಂದು ಸಾಮಾನು ಕೊಳ್ಳುವ ಮೊದಲು ಒಂದು ತಿಂಗಳು ಆರಿಸಿಕೊಳ್ಳಿ. ಪಗಾರದ ತಿಂಗಳಲ್ಲ, ನಿಮ್ಮ ಲೇಔಟಿನೊಳಗಿನ, ಅಂದರೆ ಹಲಗೆಯ ಮೇಲೆ ಕಟ್ಟುವ ಊರಿನೊಳಗಿನ ತಿಂಗಳು.

ನಮ್ಮ ಎರೆ ಸೀಮೆಯಷ್ಟು ಬಣ್ಣ ಬದಲಿಸುವ ನೆಲ ಕಡಿಮೆ. ಜೂನಿನಲ್ಲಿ ಹಸಿ ಮಣ್ಣು ಕಪ್ಪಗೆ ಹೊಳೆಯುತ್ತದೆ. ಆಗಸ್ಟಿನಲ್ಲಿ ಹೆಸರು, ಶೇಂಗಾ, ಎಲ್ಲೆಲ್ಲೂ ಹಸಿರು. ಡಿಸೆಂಬರಿನಲ್ಲಿ ಜೋಳ, ಕಡಲೆ, ನಡುವೆ ಕುಸುಬೆಯ ಹಳದಿ. ಏಪ್ರಿಲ್ ಹೊತ್ತಿಗೆ ಬೂದಿ ಬಣ್ಣದ ಬರಿ ನೆಲ. ತಿಂಗಳು ಗೊತ್ತಿಲ್ಲದೆ ಕೂತರೆ ಏನಾಗುತ್ತದೆ? ಒಂದು ಮೂಲೆಯಲ್ಲಿ ಮಳೆಗಾಲದ ಹಸಿರು ಹುಲ್ಲು, ಇನ್ನೊಂದು ಮೂಲೆಯಲ್ಲಿ ಒಣ ಬಣವೆ, ನಡುವೆ ಅರಳಿದ ಹತ್ತಿ. ಒಂದೊಂದೂ ಚೆಂದವೇ. ಆದರೆ ಒಟ್ಟಿಗೆ ನೋಡಿದರೆ ಯಾವ ಊರೂ ಅಲ್ಲ. ನೋಡುವವರಿಗೆ ಏನು ತಪ್ಪು ಅಂತ ಹೇಳಲು ಬರುವುದಿಲ್ಲ, ತಪ್ಪಿದೆ ಅಂತ ಮಾತ್ರ ತಿಳಿಯುತ್ತದೆ.

ನಿಮಗೆ ನನ್ನ ಸಲಹೆ ಫೆಬ್ರವರಿ. ಜೋಳ ಒಣಗಿ ನಿಂತಿರುತ್ತದೆ, ಕೆಲವು ಹೊಲ ಕೊಯ್ದು ಸಿವುಡು ಕಟ್ಟಿಟ್ಟಿರುತ್ತಾರೆ. ಕಡಲೆ ಕಿತ್ತ ಹೊಲ ಬರಿದಾಗಿ ಬಿರುಕು ಬಿಡಲು ಶುರುವಾಗಿರುತ್ತದೆ. ಹತ್ತಿ ಕೊನೆಯ ಬಿಡಿಸುವಿಕೆಗೆ ಬಂದಿರುತ್ತದೆ. ಬೇವು ಎಲೆ ಉದುರಿಸಿ ತೆಳ್ಳಗಾಗಿರುತ್ತದೆ, ಅಂದರೆ ಮರ ಮಾಡುವ ಕೆಲಸವೂ ಕಡಿಮೆ. ಹಸಿರು ಹುಲ್ಲು ಬೇಕಾಗುವುದೇ ಇಲ್ಲ. ವಿದೇಶಿ ಸಾಮಾನಿನಲ್ಲಿ ದುಬಾರಿಯಾದದ್ದು ಆ ಹುಲ್ಲೇ.

ತಿಂಗಳ ಜೊತೆಗೆ ಸುಮಾರಾಗಿ ಕಾಲವನ್ನೂ ನಿರ್ಧರಿಸಿ. 1990ರ ದಶಕದ ಗೇಜ್ (ಎರಡು ಹಳಿಗಳ ನಡುವಿನ ಅಗಲ) ಬದಲಾವಣೆಗೆ ಮುಂಚೆ ಈ ದಾರಿ ಮೀಟರ್‌ಗೇಜ್. ಇವತ್ತಿನದಾದರೆ ವಿದ್ಯುತ್ ತಂತಿ, ಕಂಬ ಎಲ್ಲ ಬೇಕು. 2000ದ ಆಸುಪಾಸು ಇಟ್ಟುಕೊಂಡರೆ ಬ್ರಾಡ್‌ಗೇಜ್ ಹಳಿ, ಡೀಸೆಲ್ ಎಂಜಿನ್, ತಂತಿಯ ತಲೆನೋವಿಲ್ಲ. ತಂತಿ ಬೇಕೇ ಬೇಕು ಅಂದರೆ ಕೇಳಿ: ಹಳಿಯಿಂದ ತಂತಿಯ ಎತ್ತರ ಸುಮಾರು 5.5 ಮೀಟರ್, ನಿಮಗೆ 63 ಮಿ.ಮೀ. ನೇರ ದಾರಿಯಲ್ಲಿ ಎರಡು ಕಂಬಗಳ ನಡುವೆ 72 ಮೀಟರ್‌ವರೆಗೆ ಬಿಡುತ್ತಾರೆ, ಅದು ಸ್ಕೇಲಿನಲ್ಲಿ 83 ಸೆಂ.ಮೀ. ನಿಮ್ಮ ಹಲಗೆಯ ನೇರ ಹಳಿಯೇ ಅಷ್ಟಿಲ್ಲ. ಕಂಬಗಳನ್ನು 30 ಸೆಂ.ಮೀ.ಗೆ ಒಂದರಂತೆ ಹತ್ತಿರ ತಂದರೆ ಕಣ್ಣಿಗೆ ಸರಿ ಕಾಣುತ್ತದೆ.

ಲೆಕ್ಕದ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಎಚ್‌ಒ ಅಂದರೆ 1:87. ನಿಜದ 1 ಮೀಟರ್ ನಿಮಗೆ 11.5 ಮಿ.ಮೀ. ನಿಮ್ಮ ಹಳಿಯ ಅಗಲ 16.5 ಮಿ.ಮೀ., ಅದು ಯುರೋಪಿನ 1435 ಮಿ.ಮೀ. ಗೇಜಿನ ಲೆಕ್ಕ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜಿಗೆ 19.3 ಮಿ.ಮೀ. ಬೇಕಿತ್ತು. ಅಂಥ ಹಳಿ, ಗಾಲಿ ಅಂಗಡಿಯಲ್ಲಿ ಸಿಗುವುದಿಲ್ಲ, ಕೈಯಲ್ಲೇ ಮಾಡಬೇಕು. ಸುಮ್ನೆ ಒಪ್ಪಿಕೊಂಡು ಮುಂದೆ ಹೋಗಿ. ಜಲ್ಲಿ ಹಾಕಿದ ಮೇಲೆ ಯಾರೂ ಅಳೆಯಲು ಬರುವುದಿಲ್ಲ.

ಪ್ಲಾಟ್‌ಫಾರ್ಮಿನ ಉದ್ದದಲ್ಲಿ ಮಾತ್ರ ಆಸೆ ಕಡಿಮೆ ಇರಲಿ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮನ್ನು ಈ ಸ್ಕೇಲಿಗೆ ಇಳಿಸಿದರೂ 17 ಮೀಟರ್ ಮೀರುತ್ತದೆ, ಮನೆ ದಾಟಿ ರಸ್ತೆಗೆ ಬರುತ್ತದೆ. ನಿಮ್ಮ 6 ಅಡಿ ಹಲಗೆಯಲ್ಲಿ ಎರಡು ತುದಿಯ ತಿರುವು ಕಳೆದರೆ ಉಳಿಯುವ ನೇರ ಭಾಗ 70ರಿಂದ 80 ಸೆಂ.ಮೀ. ಹಳೇ ಮಾದರಿಯ ಐಸಿಎಫ್ (ಚೆನ್ನೈ ಬೋಗಿ ಕಾರ್ಖಾನೆಯ) ಬೋಗಿಯ ಉದ್ದ 21.3 ಮೀಟರ್, ನಿಮಗೆ 24.5 ಸೆಂ.ಮೀ. ಅಂದರೆ ಎರಡು ಬೋಗಿ, ಒಂದು ಎಂಜಿನ್. ಸಣ್ಣ ಸ್ಟೇಷನ್ನಿಗೆ ಅಷ್ಟು ಸಾಕು. ಸೆಟ್ಟಿನ ಜೊತೆ ಬರುವ 18 ಇಂಚು ತ್ರಿಜ್ಯದ ತಿರುವಿನಲ್ಲಿ ಉದ್ದ ಬೋಗಿಯ ಹೊಟ್ಟೆ ಒಳಕ್ಕೆ, ಮೂಲೆ ಹೊರಕ್ಕೆ ಚಾಚುತ್ತವೆ. ಪ್ಲಾಟ್‌ಫಾರ್ಮ್ ಆಗಲಿ, ಮರ ಆಗಲಿ ಅಂಟಿಸುವ ಮೊದಲು ಬೋಗಿಯ ನಡುವಿಗೊಂದು, ಮೂಲೆಗೊಂದು ಪೆನ್ಸಿಲ್ ಕಟ್ಟಿ ನಿಧಾನ ತಳ್ಳಿ. ಪೆನ್ಸಿಲ್ ಗೆರೆ ಎಳೆದ ಕಡೆಯಿಂದ ಆಚೆಗೆ ಮಾತ್ರ ನಿಮ್ಮ ಜಾಗ.

ಇನ್ನು ಎರೆ ಮಣ್ಣು. ನಿಮ್ಮ ಪ್ರಶ್ನೆಯಲ್ಲಿ ನನಗೆ ಖುಷಿ ಕೊಟ್ಟದ್ದು ಇದೇ.

ಎರೆ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಮಣ್ಣು ಕುಗ್ಗುತ್ತದೆ, ಕೆಳಗಿನ ಹಲಗೆ ಕುಗ್ಗುವುದಿಲ್ಲ. ಎಳೆದಾಟದಲ್ಲಿ ಮಣ್ಣು ಬಿರಿಯುತ್ತದೆ, ಪದರ ದಪ್ಪವಿದ್ದರೆ ಅಂಚು ಮಡಚಿ ಎದ್ದೇ ಬರುತ್ತದೆ. ಹೊಲದಲ್ಲಿ ಬೇಸಿಗೆಗೆ ಆಗುವುದೂ ಇದೇ. ಅಂದರೆ ನಿಮ್ಮ ಮಣ್ಣು ಹೊಲದಲ್ಲಿ ಮಾಡುವುದನ್ನೇ ಹಲಗೆಯ ಮೇಲೂ ಮಾಡಿದೆ. ಅದನ್ನು ತಡೆಯುವ ಬದಲು, ಬೇಕಾದ ಕಡೆ ಬೇಕಾದಷ್ಟು ಮಾಡಿಸಬೇಕು.

ಮಣ್ಣಿನ ಬಿರುಕಿಗೆ ಒಂದು ಗುಣ ಇದೆ. ಪದರ ದಪ್ಪವಾದಷ್ಟೂ ಹೆಂಟೆ ದೊಡ್ಡದು, ಪದರ ತೆಳುವಾದಷ್ಟೂ ಹೆಂಟೆ ಸಣ್ಣದು. ಹೊಲದಲ್ಲಿ 5 ಸೆಂ.ಮೀ. ಅಗಲದ ಬಿರುಕು ನಿಮಗೆ 0.6 ಮಿ.ಮೀ. ಆಗಬೇಕು. ಅದಕ್ಕೆ 2 ಮಿ.ಮೀ. ಪದರ ಸಾಕು. ಮಣ್ಣನ್ನು ಕುಟ್ಟಿ, ಹಳೇ ಪಂಜೆಯ ಬಟ್ಟೆಯಲ್ಲಿ ಸೋಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ. ನೇರ ಲೇಔಟಿನ ಮೇಲೆ ಹಾಕಬೇಡಿ. ಹೊಲದ ಆಕಾರಕ್ಕೆ ಕತ್ತರಿಸಿದ ಎಂಡಿಎಫ್ (ಕಟ್ಟಿಗೆ ನಾರು ಒತ್ತಿ ಮಾಡಿದ ಹಲಗೆ) ತುಂಡಿನ ಮೇಲೆ ತೆಳ್ಳಗೆ ಫೆವಿಕಾಲ್ ಬಳಿದು, ಅದು ಹಸಿ ಇರುವಾಗಲೇ ಮಣ್ಣು ಹರಡಿ. ಕೆಳಗಿನ ಅಂಟು ಹೆಂಟೆಯನ್ನು ಹಿಡಿದಿಡುತ್ತದೆ, ಮೇಲೆ ಅದು ತನ್ನಷ್ಟಕ್ಕೆ ಬಿರಿಯುತ್ತದೆ. ಮರುದಿನ ನೋಡಿ, ಬಗ್ಗಿ ಕಣ್ಣು ಹತ್ತಿರ ತಂದರೆ ನವಲಗುಂದದ ಬೇಸಿಗೆ ಹೊಲ. ಯಾವ ವಿದೇಶಿ ಕಂಪನಿಯೂ ಇದನ್ನು ಡಬ್ಬಿಯಲ್ಲಿ ಮಾರುವುದಿಲ್ಲ.

ಅದನ್ನು ಗಟ್ಟಿ ಮಾಡಲು ಫೆವಿಕಾಲ್ ನೀರು ಸುರಿದರೆ ಕೆಟ್ಟಿತು. ಮಣ್ಣು ಮತ್ತೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಬಡಗಿಗಳು ಬಳಸುವ ಫ್ರೆಂಚ್ ಪಾಲಿಶ್ ತನ್ನಿ, ಅದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಇನ್ನಷ್ಟು ಸ್ಪಿರಿಟ್ ಹಾಕಿ ತೆಳ್ಳಗೆ ಮಾಡಿ, ಸಿರಿಂಜಿನಲ್ಲಿ ಹನಿ ಹನಿಯಾಗಿ ಬಿಡಿ. ಮೊದಲು ಒಂದು ಚೂರಿನ ಮೇಲೆ ನೋಡಿ, ಪಾಲಿಶ್ ದಪ್ಪವಾದರೆ ಮಣ್ಣು ಕೆಂಪಗೆ ಹೊಳೆಯುತ್ತದೆ. ಸ್ಪಿರಿಟ್‌ಗೆ ಬೇಗ ಬೆಂಕಿ ತಗಲುತ್ತದೆ, ಹತ್ತಿರ ದೀಪ, ಒಲೆ ಬೇಡ.

ಬಿರುಕು ಬೇಡದ ಕಡೆ, ಅಂದರೆ ಚಕ್ಕಡಿ ದಾರಿ, ಮನೆಯ ಅಂಗಳ, ಸ್ಟೇಷನ್ ಹಿಂದಿನ ಬಯಲು, ಅಲ್ಲಿ ಮಣ್ಣಿಗೆ ಅಷ್ಟೇ ಸಣ್ಣ ಉಸುಕು ಬೆರೆಸಿ, ಫೆವಿಕಾಲ್ ಕಲಸಿದ ನೀರಿನಲ್ಲಿ ನಾದಿ, ತೆಳ್ಳಗೆ ಬಳಿಯಿರಿ. ಚಕ್ಕಡಿಯ ಗಾಲಿ ಜಾಡು ಬೇಕಾದರೆ ಮಣ್ಣು ಅರೆ ಹಸಿ ಇರುವಾಗ ಹಳೇ ವ್ಯಾಗನ್ನಿನ ಗಾಲಿ ಜೋಡಿ ಉರುಳಿಸಿ, ಅಗಲ ಹೆಚ್ಚುಕಡಿಮೆ ಸರಿಹೋಗುತ್ತದೆ. ಉರುಳಿಸಿದ ಮೇಲೆ ಗಾಲಿ ತೊಳೆಯಿರಿ.

ಹೊರಗಿನಿಂದ ತಂದ ಯಾವ ಮಣ್ಣು, ಉಸುಕಾದರೂ ಎರಡು ಕೆಲಸ ಮಾಡಿ. ಹಳೇ ಹಂಚಿನ ಮೇಲೆ ಚೆನ್ನಾಗಿ ಹುರಿಯಿರಿ, ಹುಳು, ಬೀಜ ಸಾಯಲಿ. ತಣ್ಣಗಾದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತ ಅದರಲ್ಲಿ ಆಡಿಸಿ. ಕಪ್ಪು ಕಬ್ಬಿಣದ ಕಣ ಮೀಸೆಯಂತೆ ಅಂಟಿಕೊಂಡು ಬರುತ್ತವೆ. ಅವು ಉಳಿದರೆ ಎಂಜಿನ್ನಿನ ಮೋಟರಿನೊಳಗಿನ ಅಯಸ್ಕಾಂತಕ್ಕೆ ಹೋಗಿ ಕೂರುತ್ತವೆ. ಇದೇ ಕಾರಣಕ್ಕೆ ಪಾತ್ರೆ ಉಜ್ಜುವ ಸ್ಟೀಲ್ ಉಣ್ಣೆಯನ್ನು ರೈಲಿನ ಕೋಣೆಗೇ ತರಬೇಡಿ.

ಬಣ್ಣದ ಬಗ್ಗೆ ಒಂದು ಮಾತು. ಎರೆ ನೆಲ ಕಪ್ಪು ಅಂತ ಕಪ್ಪು ಬಣ್ಣ ಬಳಿದರೆ ಡಾಂಬರು ಕಾಣುತ್ತದೆ. ಒಣ ಎರೆ ಬೂದಿ ಬೆರೆತ ಕಂದು. ದೂರದಿಂದ ನೋಡುವುದರಿಂದ ಇನ್ನೂ ತುಸು ತಿಳಿ ಮಾಡಬೇಕು. ನಿಮ್ಮ ಕೋಣೆಯಲ್ಲಿ ಯಾವ ದೀಪ ಇರುತ್ತದೋ ಅದರ ಬೆಳಕಿನಲ್ಲೇ ಬಣ್ಣ ಕಲಸಿ. ಅಂಗಳದ ಬಿಸಿಲಿನಲ್ಲಿ ಸರಿ ಕಂಡದ್ದು ಬಿಳಿ ಎಲ್‌ಇಡಿ ಕೆಳಗೆ ನೀಲಿಯಾಗುತ್ತದೆ.

ಜಲ್ಲಿಗೆ ಎಂ-ಸ್ಯಾಂಡ್ ಸಾಕು. ಹಳಿಗೆ ಹಾಕುವ ಖಡಿ 65 ಮಿ.ಮೀ.ನಿಂದ 20 ಮಿ.ಮೀ. ಗಾತ್ರದ್ದು, ನಿಮಗೆ 0.75ರಿಂದ 0.23 ಮಿ.ಮೀ. ಅಡುಗೆಮನೆಯ ಎರಡು ಜರಡಿ ತಗೊಳ್ಳಿ. ರವೆ ಜರಡಿಯಲ್ಲಿ ಇಳಿದು, ಹಿಟ್ಟಿನ ಜರಡಿಯಲ್ಲಿ ನಿಂತದ್ದು ನಿಮ್ಮ ಖಡಿ. ತೊಳೆದು ಒಣಗಿಸಿ. ಮೊದಲು ಹಳಿಯ ಬದಿಗಳಿಗೆ ತುಕ್ಕಿನ ಬಣ್ಣ ಬಳಿದು, ತಲೆಯ ಮೇಲಿನದನ್ನು ಆಗಲೇ ಒರೆಸಿ. ಖಡಿ ಹರಡಿ ಮೆತ್ತನೆಯ ಬ್ರಶ್‌ನಲ್ಲಿ ಸ್ಲೀಪರ್ (ಹಳಿಯ ಅಡಿಯ ಅಡ್ಡ ತೊಲೆ) ಮೇಲಿನದನ್ನು ಕೆಳಕ್ಕೆ ತಳ್ಳಿ. ಸೋಪಿನ ನೀರು ಮಂಜಿನಂತೆ ಸಿಂಪಡಿಸಿ, ಆಮೇಲೆ 1 ಪಾಲು ಫೆವಿಕಾಲ್, 3 ಪಾಲು ನೀರು, 2 ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಸಿರಿಂಜಿನಲ್ಲಿ ಬಿಡಿ. ಸೋಪು ಹಾಕದಿದ್ದರೆ ನೀರು ಉಂಡೆಯಾಗಿ ನಿಂತು ಖಡಿಯನ್ನೆಲ್ಲ ಎಳೆದು ಗುಪ್ಪೆ ಮಾಡುತ್ತದೆ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳ ಅಲುಗುವ ಭಾಗದ ಹತ್ತಿರ ಅಂಟು ಬೇಡವೇ ಬೇಡ.

ಸ್ಟೇಷನ್ ಕಟ್ಟಡಕ್ಕೆ 3 ಮಿ.ಮೀ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮ್ ಹಾಳೆ) ತನ್ನಿ. ಜಾಹೀರಾತು ಬೋರ್ಡು ಮಾಡುವ ಅಂಗಡಿಗಳಲ್ಲಿ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ, ಕೇಳಿದರೆ ಅಗ್ಗಕ್ಕೆ ಕೊಡುತ್ತಾರೆ. ಮೂರು ತುಂಡು ಒಂದರ ಮೇಲೊಂದು ಅಂಟಿಸಿದರೆ 9 ಮಿ.ಮೀ., ಅದನ್ನು ಹಳಿಯ ತಲೆಯ ಮಟ್ಟದಿಂದ ಮೇಲಕ್ಕೆ ಕೂರಿಸಿದರೆ ಎತ್ತರದ ಪ್ಲಾಟ್‌ಫಾರ್ಮ್ ಆಯಿತು. ನಿಜದಲ್ಲಿ ಅದು ಹಳಿಯ ಮೇಲಿಂದ 760ರಿಂದ 840 ಮಿ.ಮೀ. ಇರುತ್ತದೆ. ಸಣ್ಣ ಸ್ಟೇಷನ್ನುಗಳಲ್ಲಿ ಹಳಿಯ ಮಟ್ಟದ ಪ್ಲಾಟ್‌ಫಾರ್ಮೂ ಸಾಮಾನ್ಯ, ಸಮಯ ಇಲ್ಲದಿದ್ದರೆ ಅದನ್ನೇ ಮಾಡಿ.

ಕಟ್ಟಡದ ಅಳತೆ ಹೇಗೆ ತೆಗೆಯುವುದು? ಬಾಗಿಲಿನಿಂದ. ಬಾಗಿಲು ಸುಮಾರು 7 ಅಡಿ, ನಿಮಗೆ 24 ಮಿ.ಮೀ. ನೇರ ಎದುರಿಗೆ ನಿಂತು ತೆಗೆದ ಒಂದು ಫೋಟೋ ಇದ್ದರೆ ಅದರಲ್ಲಿ ಬಾಗಿಲು 24 ಮಿ.ಮೀ. ಆಗುವಂತೆ ಪ್ರಿಂಟ್ ತೆಗೆಸಿ. ಉಳಿದ ಎಲ್ಲ ಅಳತೆ ತಾನಾಗಿ ಸರಿಯಾಗುತ್ತದೆ, ಆ ಪ್ರಿಂಟನ್ನೇ ಸನ್‌ಬೋರ್ಡ್ ಮೇಲಿಟ್ಟು ಕತ್ತರಿಸಬಹುದು. ಫೋಟೋ ತೆಗೆಯುವ ಮೊದಲು ಸ್ಟೇಷನ್ ಮಾಸ್ತರರನ್ನು ಕೇಳಿಕೊಳ್ಳಿ. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ 2020ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂಗೂ ಒಂದು ಭಾನುವಾರ ಮಗಳ ಜೊತೆ ಹೋಗಿಬನ್ನಿ. ಹಳೇ ಸಾಮಾನು ಹತ್ತಿರದಿಂದ ನೋಡಲು ಅದಕ್ಕಿಂತ ಚಲೋ ಜಾಗ ಇಲ್ಲ. ಕಲ್ಲು ಕಟ್ಟಡ ಮಾಡುವ ಮನಸ್ಸಿದ್ದರೆ ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡದ ಮುಂದೆ ಹತ್ತು ನಿಮಿಷ ನಿಂತು ಕಲ್ಲಿನ ಸಾಲು ನೋಡಿ. ಅದು ಒಂದು ಕಾಲಕ್ಕೆ ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ಕಲ್ಲಿನ ಗೆರೆಯನ್ನು ಇಂಕು ಖಾಲಿಯಾದ ಬಾಲ್‌ಪೆನ್ನಿನಿಂದ ಒತ್ತಿ ಎಳೆದರೆ ಸನ್‌ಬೋರ್ಡ್‌ನಲ್ಲಿ ಚೆನ್ನಾಗಿ ಕೂರುತ್ತದೆ. ಎಲ್ಲ ಕಲ್ಲಿಗೂ ಒಂದೇ ಬಣ್ಣ ಬಳಿಯಬೇಡಿ. ಹತ್ತರಲ್ಲಿ ಎರಡಕ್ಕೆ ತುಸು ಬೇರೆ ಛಾಯೆ ಇರಲಿ.

ಮಂಗಳೂರು ಹಂಚನ್ನು ಒಂದೊಂದಾಗಿ ಮಾಡಲು ಹೋಗಬೇಡಿ. ಹಂಚಿನ ಸಾಲು ಅಡ್ಡ ಪಟ್ಟಿಯಾಗಿ ರಟ್ಟಿನಲ್ಲಿ ಕತ್ತರಿಸಿ, ಪ್ರತಿ 2.5 ಮಿ.ಮೀ.ಗೆ ಒಂದು ಗೆರೆ ಒತ್ತಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಸ್ವಲ್ಪ ಬರುವಂತೆ ಅಂಟಿಸುತ್ತ ಹೋಗಿ. ತಗಡಿನ ಶೀಟಿಗೆ ಇನ್ನೊಂದು ಉಪಾಯ ಇದೆ. ಹೋಟೆಲಿನಿಂದ ಊಟ ಬರುವ ಅಲ್ಯೂಮಿನಿಯಂ ಡಬ್ಬಿಯ ಹಾಳೆಯನ್ನು ದಪ್ಪ ರಬ್ಬರಿನ ಮೇಲಿಟ್ಟು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಥ್ರೆಡ್ ರಾಡನ್ನು (ಮೈತುಂಬ ಸ್ಕ್ರೂ ಆಟೆ ಇರುವ ಕಂಬಿ) ಒತ್ತಿ ಉರುಳಿಸಿ. ಆ ರಾಡಿನ ಆಟೆಗಳ ನಡುವೆ 0.8 ಮಿ.ಮೀ. ಅಂತರ, ನಿಜದ ತಗಡಿನ ಅಲೆಗೆ ಬಹಳ ಹತ್ತಿರ. ಗೆರೆ ತುಸು ಓರೆ ಬರುತ್ತದೆ, ಕತ್ತರಿಸುವಾಗ ಸರಿ ಮಾಡಿಕೊಳ್ಳಿ. ಸ್ಟೇಷನ್ ಹಿಂದೆ ಒಂದು ಹತ್ತಿ ಜಿನ್ನಿನ ಶೆಡ್ ಮಾಡಿದರೆ ಇದೇ ತಗಡು ಅದಕ್ಕೂ ಆಯಿತು. ಗದಗಿಗೆ ಹತ್ತಿ ಇಲ್ಲದೆ ಸ್ಟೇಷನ್ ಯಾಕೆ?

ಊರಿನ ನಾಲ್ಕು ಮನೆಗೆ ಹಂಚು ಬೇಡ, ಮಣ್ಣಿನ ಸಪಾಟು ಛಾವಣಿಯ ಮಾಳಿಗೆ ಮನೆ ಮಾಡಿ. ನಮ್ಮ ಕಡೆಯ ಹಳ್ಳಿ ಅಂತ ಒಂದೇ ನೋಟಕ್ಕೆ ಗೊತ್ತಾಗುವುದು ಅದರಿಂದಲೇ. ಸನ್‌ಬೋರ್ಡಿನ ಡಬ್ಬಿ ಮಾಡಿ, ಮೂಲೆಗಳನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ದುಂಡಗೆ ಮಾಡಿ, ಸೋಸಿದ ಮಣ್ಣು, ಫೆವಿಕಾಲ್ ಕಲಸಿ ಬೆರಳಿನಿಂದ ಮೆತ್ತಿ. ಕೆಳಗೆ ಒಂದು ಕೆಮ್ಮಣ್ಣಿನ ಪಟ್ಟಿ, ಬಾಗಿಲ ಎರಡೂ ಕಡೆ ಕಟ್ಟೆ, ಮಾಳಿಗೆಯ ಮೇಲೆ ಬೆಳಕಿಂಡಿ. ಗೋಡೆಗಳು ಸ್ಕೇಲಿಟ್ಟಂತೆ ನೇರ ಇದ್ದರೆ ಮಣ್ಣಿನ ಮನೆ ಅನ್ನಿಸುವುದಿಲ್ಲ, ತುಸು ಸೊಟ್ಟಗಿರಲಿ. ಒಂದು ಮನೆಗೆ ಮಾತ್ರ ಆರ್‌ಸಿಸಿ ಮಾಡಿ ಮೇಲೊಂದು ಕಪ್ಪು ನೀರಿನ ಟ್ಯಾಂಕ್ ಇಡಿ. ಪೆನ್ನಿನ ಮುಚ್ಚಳದ ತುಂಡು ಅದಕ್ಕೆ ಸರಿಹೋಗುತ್ತದೆ.

ಮರಗಳಲ್ಲಿ ಎಲ್ಲರದೂ ಒಂದೇ ತೊಂದರೆ: ಸಣ್ಣ ಮಾಡುತ್ತಾರೆ. 10 ಮೀಟರ್ ಎತ್ತರದ ಬೇವು ನಿಮಗೆ 11.5 ಸೆಂ.ಮೀ. ಆಗಬೇಕು. ಮನೆಗಿಂತ ಎರಡು ಪಟ್ಟು ಎತ್ತರ ಇರಲಿ, ಹೆದರಬೇಡಿ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟರಿನ ತಾಮ್ರದ ತಂತಿ ಸಿಗುತ್ತದೆ. ಇಪ್ಪತ್ತು ಮೂವತ್ತು ಎಳೆ ಸೇರಿಸಿ ಕೆಳಗೆ ಹೊಸೆದು ಕಾಂಡ, ಮೇಲೆ ಎರಡೆರಡಾಗಿ ಬಿಡಿಸಿ ಕೊಂಬೆ. ಫೆವಿಕಾಲ್‌ನಲ್ಲಿ ಕಲಸಿದ ಮಣ್ಣು ಬಳಿದರೆ ತೊಗಟೆ. ಎಲೆಗೆ ಹಳೇ ಸೋಫಾದ ಫೋಮನ್ನು ಚೂರು ಮಾಡಿ, ನೀರು ಹಾಕಿ ಮಿಕ್ಸರಿನಲ್ಲಿ ತಿರುಗಿಸಿ, ಹಿಂಡಿ, ಅಕ್ರಿಲಿಕ್ ಬಣ್ಣದಲ್ಲಿ ಕಲಸಿ ಒಣಗಿಸಿ. ಇದಕ್ಕೆ ಒಂದು ಹಳೇ ಜಾರ್ ಬೇರೆ ಇಡಿ. ಚಟ್ನಿ ಜಾರಿನಲ್ಲಿ ಮಾಡಿದರೆ ರೈಲು ಆ ದಿನವೇ ಅಟ್ಟಕ್ಕೆ ಹೋಗುತ್ತದೆ. ಜಾಲಿಗೆ ಕೊಂಬೆಗಳನ್ನು ಛತ್ರಿಯಂತೆ ಚಪ್ಪಟೆ ಬಿಡಿಸಿ, ಎಲೆ ತೀರಾ ತೆಳ್ಳಗೆ ಉದುರಿಸಿ. ಸಣ್ಣ ಗಿಡಗಳಿಗೆ ಒಣಗಿದ ತುಳಸಿ ಕದಿರು ಇದ್ದ ಹಾಗೇ ನಡೆಯುತ್ತದೆ.

ಜೋಳದ ಹೊಲಕ್ಕೆ ಬಾಗಿಲಲ್ಲಿ ಹಾಸುವ ತೆಂಗಿನ ನಾರಿನ ಮ್ಯಾಟ್ ತನ್ನಿ. ಅದರ ಬಣ್ಣವೇ ಫೆಬ್ರವರಿಯ ಒಣ ಜೋಳ. ನಾರು 23 ಮಿ.ಮೀ. ಎತ್ತರಕ್ಕೆ ಕತ್ತರಿಸಿದರೆ ನಿಜದ 2 ಮೀಟರ್. ಮ್ಯಾಟನ್ನು ಇಡಿಯಾಗಿ ಹಾಕಿದರೆ ಬ್ರಶ್ಶಿನಂತೆ ಕಾಣುತ್ತದೆ, ಸಣ್ಣ ಪಟ್ಟಿ ಕತ್ತರಿಸಿ 5 ಮಿ.ಮೀ. ಅಂತರದಲ್ಲಿ ಸಾಲು ಸಾಲಾಗಿ ಅಂಟಿಸಿ. ಹೊಲದ ಸಾಲಿನ 45 ಸೆಂ.ಮೀ. ಅಂತರ ಅಲ್ಲಿಗೆ ಬಂತು. ತುದಿಗೆ ಫೆವಿಕಾಲ್ ಮುಟ್ಟಿಸಿ ತಿಳಿ ಹಳದಿ ಬಣ್ಣದ ಕಟ್ಟಿಗೆ ಪುಡಿ ಉದುರಿಸಿದರೆ ತೆನೆ. ಕತ್ತರಿಸಿ ಉಳಿದ ನಾರನ್ನು ಎಸೆಯಬೇಡಿ, ಅದರಲ್ಲಿ ಸಿವುಡು, ಬಣವೆ ಎರಡೂ ಆಗುತ್ತವೆ.

ಗದಗ ಅಂದಮೇಲೆ ಕಪ್ಪತಗುಡ್ಡ, ಗಾಳಿ ಯಂತ್ರ ಬೇಡವೇ ಅಂತ ಕೇಳುತ್ತೀರಿ. ಬೇಕು, ಆದರೆ ಹಲಗೆಯ ಮೇಲಲ್ಲ. 80 ಮೀಟರ್ ಕಂಬದ ಗಾಳಿ ಯಂತ್ರ ಈ ಸ್ಕೇಲಿನಲ್ಲಿ 92 ಸೆಂ.ಮೀ. ಎತ್ತರ ಆಗುತ್ತದೆ, ಫ್ಯಾನಿಗೆ ತಗಲುತ್ತದೆ. ಅದರ ಜಾಗ ಹಿಂದಿನ ಪರದೆ. ಚಳಿಗಾಲದ ಬೆಳಿಗ್ಗೆ ಊರ ಹೊರಗೆ ನಿಂತು ಮೊಬೈಲಿನಲ್ಲಿ ಒಂದು ಉದ್ದನೆಯ ಫೋಟೋ ತೆಗೆದು, ಬ್ಯಾನರ್ ಅಂಗಡಿಯಲ್ಲಿ ಹೊಳಪಿಲ್ಲದ ವಿನೈಲ್ ಮೇಲೆ ಪ್ರಿಂಟ್ ಮಾಡಿಸಿ. ಹೊಳಪಿರುವುದು ದೀಪಕ್ಕೆ ಮಿರುಗಿ ಎಲ್ಲ ಹಾಳು ಮಾಡುತ್ತದೆ. ಬಣ್ಣ ತುಸು ಮಂಕಾಗಿಯೇ ಇರಲಿ. ಗುಡ್ಡ ಬೆರಳಗಲದ ನೀಲಿ ಗೆರೆ, ಮೇಲೆ ಗುಂಡುಸೂಜಿಯಷ್ಟು ಗಾಳಿ ಯಂತ್ರ, ಮುಕ್ಕಾಲು ಪಾಲು ಬರಿ ಆಕಾಶ. ಮೂಲೆಯಲ್ಲಿ ಪರದೆಯನ್ನು ಮಡಚದೆ ದುಂಡಗೆ ತಿರುಗಿಸಿ. ಪರದೆ ನೆಲಕ್ಕೆ ಸೇರುವ ಗೆರೆ ಕಾಣದಂತೆ ಬದು, ಸಾಲುಗಿಡ ಇಡಿ. ಹಿಂದಿನ ಗಿಡಗಳು ಮುಂದಿನವಕ್ಕಿಂತ ಅರ್ಧ ಗಾತ್ರ ಇದ್ದರೆ ಎರಡು ಅಡಿ ಹೊಲ ಎರಡು ಮೈಲಿಯಂತೆ ಕಾಣುತ್ತದೆ.

ಹಳ್ಳದ ನೀರು ಜಾಸ್ತಿ ಬೇಡ, ಫೆಬ್ರವರಿ ನೆನಪಿರಲಿ. ಮೋರಿಯ ಕೆಳಗೆ ಒಂದು ಗುಂಡಿಯಲ್ಲಿ ಮಾತ್ರ. ತಳಕ್ಕೆ ಕಡು ಕಂದು ಬಳಿದು, ನೀರಿನಲ್ಲಿ ಕರಗುವ ಕ್ಲಿಯರ್ ವಾರ್ನಿಶ್ ತೆಳ್ಳಗೆ ನಾಲ್ಕೈದು ಸಲ ಹಾಕಿ, ಪ್ರತಿ ಸಲ ಪೂರ್ತಿ ಒಣಗಲು ಬಿಡಿ.

ಗದಗಿನ ಗಾಳಿಗೆ ಧೂಳು ತಪ್ಪಿದ್ದಲ್ಲ. ಕೆಲಸ ಇಲ್ಲದಾಗ ಹಲಗೆಗೆ ಪ್ಲಾಸ್ಟಿಕ್ ಹಾಳೆಯ ಮುಸುಕು ಇರಲಿ, ಮರಕ್ಕೆ ತಗಲದಂತೆ ನಾಲ್ಕು ಮೂಲೆಗೆ ಕೋಲು ನಿಲ್ಲಿಸಿ. ಹಳಿಯ ತಲೆಯನ್ನು ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ.

ಇನ್ನು ಮಗಳ ಕೆಲಸ. ಸುಮ್ನೆ ಅಂಟಿನ ಡಬ್ಬಿ ಹಿಡಿದು ನಿಲ್ಲುವ ಕೆಲಸ ಕೊಡಬೇಡಿ, ಬೇಸರವಾಗಿ ಎದ್ದು ಹೋಗುತ್ತಾಳೆ. ಒಂದು ಹತ್ತಿ ಹೊಲ ಪೂರ್ತಿ ಅವಳದೇ ಆಗಲಿ. ಗಿಡ 11 ಮಿ.ಮೀ. ಎತ್ತರ, ಸಾಲಿನಿಂದ ಸಾಲಿಗೆ 10 ಮಿ.ಮೀ. ಕಂದು ಬಣ್ಣದ ಫೋಮ್ ಚೂರು ಅಂಟಿಸಿ, ಹಲ್ಲುಕಡ್ಡಿಯ ತುದಿಯಿಂದ ಬಿಳಿ ಬಣ್ಣದ ಚುಕ್ಕೆ. ಕೊನೆಯ ಬಿಡಿಸುವಿಕೆ ಆದ್ದರಿಂದ ಗಿಡಕ್ಕೆ ಎರಡು ಮೂರೇ ಚುಕ್ಕೆ ಸಾಕು. ಸ್ಟೇಷನ್ನಿನ ಹಳದಿ ಬೋರ್ಡೂ ಅವಳೇ ಮಾಡಲಿ: ಮೇಲೆ ಕನ್ನಡ, ನಡುವೆ ಹಿಂದಿ, ಕೆಳಗೆ ಇಂಗ್ಲಿಷ್, ಕಪ್ಪು ಅಕ್ಷರ, ಅಡಿಯಲ್ಲಿ ಸಮುದ್ರ ಮಟ್ಟದಿಂದ ಎತ್ತರ. ಕಂಪ್ಯೂಟರಿನಲ್ಲಿ ಬರೆದು ಫೋಟೋ ಪೇಪರಿನಲ್ಲಿ ಪ್ರಿಂಟ್ ತೆಗೆಸಿದರೆ ಮುಗಿಯಿತು. ಊರಿನ ಹೆಸರು ಏನಿರಬೇಕು ಅನ್ನುವುದನ್ನೂ ಅವಳಿಗೇ ಬಿಡಿ. ಕಟರ್, ಥರ್ಮಾಕೋಲ್ ಕೊಯ್ಯುವ ಬಿಸಿ ತಂತಿ, ಸ್ಪಿರಿಟ್ ಈ ಮೂರು ಮಾತ್ರ ನಿಮ್ಮ ಕೈಯಲ್ಲಿರಲಿ, ಬಿಸಿ ತಂತಿ ಹಿಡಿದಾಗ ಕಿಟಕಿ ತೆರೆದಿರಲಿ.